ಗುಳೆಯ ಲೆಕ್ಕ: ಹೋಗುವುದೋ, ಊರಲ್ಲಿ ಉಳಿಯುವುದೋ?

ಸಂಕ್ರಾಂತಿ ಮುಗಿದು ತೊಗರಿ ರಾಶಿ ಮನೆಗೆ ಬಂದ ಮೇಲೆ ಯಾದಗಿರಿ ರೈಲು ನಿಲ್ದಾಣದಲ್ಲಿ ಪ್ರತಿ ವರ್ಷ ಒಂದೇ ನೋಟ ಕಾಣುತ್ತದೆ. ಗೋಣಿಚೀಲದಲ್ಲಿ ಜೋಳದ ಹಿಟ್ಟು, ಹಗ್ಗ ಬಿಗಿದ ಕೌದಿಯ ಗಂಟು, ಒಂದು ಕೊಡ, ಸಲಿಕೆ, ಬುಟ್ಟಿ, ಕಂಕುಳಲ್ಲಿ ಕೂಸು. ಒಂದೇ ನಿಲ್ದಾಣದಿಂದ ಕೆಲವರು ತೆಂಕಣಕ್ಕೆ ಬೆಂಗಳೂರಿನ ಗಾಡಿ ಹತ್ತುತ್ತಾರೆ, ಕೆಲವರು ಬಡಗಣಕ್ಕೆ ಪುಣೆ, ಮುಂಬಯಿಯ ಗಾಡಿ ಹತ್ತುತ್ತಾರೆ. ಶಹಾಪುರ, ಸುರಪುರದ ಕಡೆಯವರು ಹೆಚ್ಚಾಗಿ ರಾತ್ರಿ ಬಸ್ಸು ಹಿಡಿಯುತ್ತಾರೆ. ನಮ್ಮ ಭಾಗದಲ್ಲಿ ಇದಕ್ಕೆ ಗುಳೆ ಎಂದು ಹೆಸರು.

ಗುಳೆ ಹೋಗುವವರು ತಿಳಿವಳಿಕೆಯಿಲ್ಲದೆ ಹೋಗುತ್ತಾರೆ, ಊರಲ್ಲೇ ಕೆಲಸವಿದ್ದರೂ ಪಟ್ಟಣದ ಆಸೆಗೆ ಬೀಳುತ್ತಾರೆ ಎಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಲೇಖಕನಿಗೆ ಈ ಮಾತು ಸರಿಯೆನಿಸಿಲ್ಲ. ಗುಳೆ ಹೋಗುವ ಕುಟುಂಬ ಲೆಕ್ಕ ಹಾಕಿಯೇ ಹೊರಡುತ್ತದೆ. ಅದು ಬಾಯಿಲೆಕ್ಕ, ಅಷ್ಟೆ. ಆ ಬಾಯಿಲೆಕ್ಕವನ್ನು ಕಾಗದದ ಮೇಲೆ ಇಳಿಸಿದರೆ ಅದರಲ್ಲಿ ಯಾವ ಅಂಕಿ ಎಷ್ಟು ತೂಕದ್ದು, ಸರಕಾರದ ಯಾವ ನಿಯಮ ಯಾವ ಅಂಕಿಯನ್ನು ಬದಲಿಸುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನೇ ವಲಸೆಯ ಗಣಿತ ಮಾದರಿ ಎನ್ನುತ್ತಾರೆ. ಏಳನೆಯ ತರಗತಿಯ ಗಣಿತ ಬಂದವರು ಇದನ್ನು ಪೂರ್ತಿಯಾಗಿ ಅರಿಯಬಹುದು.

ಬೇಸಾಯಶಾಸ್ತ್ರ ಕಲಿಸುವವನಿಗೆ ಈ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಕೆಲವು ವರ್ಷಗಳ ಹಿಂದೆ ಯಾದಗಿರಿ ತಾಲ್ಲೂಕಿನ ಒಂದು ಮಳೆಯಾಶ್ರಿತ ಹಳ್ಳಿಯಲ್ಲಿ ನಾಟಿ ತೊಗರಿಯ ಪ್ರಾತ್ಯಕ್ಷಿಕೆಗೆ ನಾನು ಆರು ರೈತರನ್ನು ಆರಿಸಿದ್ದೆ. ನಾಟಿ ತೊಗರಿಗೆ ಮೇ ತಿಂಗಳಲ್ಲೇ ಪಾಲಿಥಿನ್ ಚೀಲಗಳಿಗೆ ಮಣ್ಣು, ಗೊಬ್ಬರ ತುಂಬಿ, ಬೀಜ ಹಾಕಿ, ಸಸಿ ಬೆಳೆಸಿಕೊಳ್ಳಬೇಕು. ಮುಂಗಾರು ಬಿದ್ದ ಕೂಡಲೇ ಹೊಲಕ್ಕೆ ಇಡಬೇಕು. ಮೇ ಎರಡನೆಯ ವಾರ ಚೀಲ, ಬೀಜ ತೆಗೆದುಕೊಂಡು ಊರಿಗೆ ಹೋದರೆ ಆರರಲ್ಲಿ ನಾಲ್ಕು ಮನೆಗೆ ಬೀಗ. ಎಲ್ಲರೂ ಬೆಂಗಳೂರಿನಲ್ಲಿದ್ದರು. ತಳಿ, ಅಂತರ, ಗೊಬ್ಬರ ಎಲ್ಲವನ್ನೂ ಯೋಚಿಸಿದ್ದ ನಾನು ಆ ತಿಂಗಳಲ್ಲಿ ಊರಿನಲ್ಲಿ ಯಾರು ಇರುತ್ತಾರೆಂದು ಕೇಳಿರಲಿಲ್ಲ. ತಪ್ಪು ನನ್ನದೇ. ಅಂದಿನಿಂದ ಈ ಲೆಕ್ಕದ ಬೆನ್ನು ಹತ್ತಿದ್ದೇನೆ.

ಪಟ್ಟಣದ ತಕ್ಕಡಿ

ಸಂಕ್ರಾಂತಿಯಿಂದ ಮೇ ಕೊನೆಯವರೆಗೆ ಒಂದು ಗುಳೆಯ ಅವಧಿ ಎಂದು ಹಿಡಿಯೋಣ. ಹೆಚ್ಚುಕಡಿಮೆ 150 ದಿನ ಎನ್ನೋಣ. ಇದನ್ನು 'ದ' ಎಂದು ಕರೆಯೋಣ. ಗಂಡ ಹೆಂಡತಿ ಇಬ್ಬರ ದಿನಗೂಲಿಯನ್ನು ಸೇರಿಸಿ 'ಕ' ಎನ್ನೋಣ. ಪಟ್ಟಣಕ್ಕೆ ಹೋದವರಿಗೆ ಎಲ್ಲ ದಿನವೂ ಕೆಲಸ ಸಿಗುವುದಿಲ್ಲ. ನೂರು ದಿನಕ್ಕೆ ಎಷ್ಟು ದಿನ ಸಿಗುತ್ತದೆಯೋ ಆ ಪ್ರಮಾಣ 'ಸ'. ಖರ್ಚು 'ಖ'. ಆಗ,

ಪಟ್ಟಣದ ಉಳಿಕೆ = (ದ × ಸ × ಕ) – ಖ

ಇಲ್ಲಿ 'ಸ' ಎಂಬ ಅಕ್ಷರವೇ ಮುಖ್ಯ. 1970ರಲ್ಲಿ ಹ್ಯಾರಿಸ್ ಮತ್ತು ಟೊಡಾರೊ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಮಾದರಿಯ ತಿರುಳು ಇಷ್ಟೇ: ಹಳ್ಳಿಯವನು ಪಟ್ಟಣದ ಕೂಲಿಯನ್ನು ಮಾತ್ರ ನೋಡಿ ಹೊರಡುವುದಿಲ್ಲ, ಆ ಕೂಲಿ ಕೈಗೆ ಸಿಗುವ ಸಂಭವವನ್ನು ಅದಕ್ಕೆ ಗುಣಿಸಿ ನೋಡುತ್ತಾನೆ. 1962ರಲ್ಲಿ ಶಾಸ್ಟಾಡ್ ಎಂಬ ಇನ್ನೊಬ್ಬರು ವಲಸೆಯನ್ನು ಬಂಡವಾಳ ಹೂಡಿಕೆಯಂತೆ ಕಾಣಬೇಕೆಂದು ಹೇಳಿದ್ದರು. ಬೀಜ, ಗೊಬ್ಬರಕ್ಕೆ ಮೊದಲು ಹಣ ಹಾಕಿ ಆಮೇಲೆ ಬೆಳೆ ಕಾಣುವಂತೆ ಇಲ್ಲಿಯೂ ಮೊದಲು ಖರ್ಚು, ನಂತರ ಗಳಿಕೆ.

ಈಗ ಅಂಕಿ ಹಾಕೋಣ. ಕೆಳಗಿನ ಕೂಲಿ, ಖರ್ಚುಗಳು ಲೆಕ್ಕ ಕಲಿಸುವುದಕ್ಕಾಗಿ ಹಿಡಿದುಕೊಂಡವು. ಓದುಗರು ತಮ್ಮ ಊರಿನ ಅಂಕಿಗಳನ್ನು ಹಾಕಿಕೊಳ್ಳಬೇಕು. ಗಂಡಸಿಗೆ 700, ಹೆಂಗಸಿಗೆ 500, ಒಟ್ಟು ಕ = 1,200 ರೂಪಾಯಿ. (ಒಂದೇ ಬುಟ್ಟಿ ಮಣ್ಣು ಹೊತ್ತರೂ ಹೆಂಗಸಿಗೆ ಕಡಿಮೆ ಕೊಡುವುದು ಕಾಯಿದೆಗೆ ವಿರುದ್ಧ, ಕಟ್ಟಡದ ಜಾಗದಲ್ಲಿ ಮಾತ್ರ ಅದೇ ರೂಢಿ.) ಸ = 0.6 ಎಂದರೆ 150ರಲ್ಲಿ 90 ದಿನ ಕೆಲಸ. ಗಳಿಕೆ 1,08,000 ರೂಪಾಯಿ.

ಖರ್ಚಿನಲ್ಲಿ ಊರಲ್ಲಿದ್ದರೂ ತಗಲುವ ಊಟದ ಖರ್ಚನ್ನು ಬಿಟ್ಟು ಹೆಚ್ಚಿನದನ್ನು ಮಾತ್ರ ಹಿಡಿಯಬೇಕು. ಶೆಡ್ಡಿನ ಬಾಡಿಗೆ, ನೀರು, ಸೌದೆ ಅಥವಾ ಗ್ಯಾಸು, ಪೇಟೆಯ ದರದ ಕಾಯಿಪಲ್ಲೆ ಸೇರಿ ದಿನಕ್ಕೆ 250ರಂತೆ 37,500. ಹೋಗಿಬರುವ ಖರ್ಚು 4,000. ಹೊರಡುವಾಗ ಮಾಡಿದ 10,000 ರೂಪಾಯಿ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರರಂತೆ ಐದು ತಿಂಗಳ ಬಡ್ಡಿ 1,500. ಆಕಳನ್ನೋ ಎಮ್ಮೆಯನ್ನೋ ಬೇರೆಯವರಿಗೆ ಒಪ್ಪಿಸಿದ್ದರಿಂದ, ಮನೆ ಮುಚ್ಚಿದ್ದರಿಂದ ಆಗುವ ನಷ್ಟ 6,000. ಒಟ್ಟು ಖ = 49,000. ಉಳಿಕೆ 59,000 ರೂಪಾಯಿ.

ಊರಿನ ತಕ್ಕಡಿ

ಅದೇ 150 ದಿನ ಊರಲ್ಲಿ ಉಳಿದರೆ ಎಷ್ಟು? ರಾಶಿ ಮುಗಿದ ಮೇಲೆ ಒಣಬೇಸಾಯದ ಹಳ್ಳಿಯಲ್ಲಿ ಕೂಲಿ ಕೆಲಸ ಕಡಿಮೆ. ಇಬ್ಬರಿಗೂ ಸೇರಿ 650ರಂತೆ 35 ದಿನ ಸಿಕ್ಕಿತೆನ್ನೋಣ: 22,750. ಇದರ ಮೇಲೆ ಉದ್ಯೋಗ ಖಾತರಿಯ ಕೆಲಸ ಬರುತ್ತದೆ.

ಕೆಲಸದ ಖಾತರಿ ಎಂಬ ಆಲೋಚನೆ ನೆರೆಯ ಮಹಾರಾಷ್ಟ್ರದಲ್ಲಿ 1972ರ ಬರದ ಕಾಲದಲ್ಲಿ ಬೇರೂರಿತು, 1977ರಲ್ಲಿ ಅಲ್ಲಿ ಕಾಯಿದೆಯಾಯಿತು. ದೇಶಕ್ಕೆಲ್ಲ 2005ರಲ್ಲಿ ಕಾಯಿದೆ ಬಂದು, 2006ರ ಫೆಬ್ರುವರಿಯಲ್ಲಿ ಮೊದಲ 200 ಜಿಲ್ಲೆಗಳಲ್ಲಿ ಆರಂಭವಾದಾಗ ಕರ್ನಾಟಕದ ಐದು ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಆಗ ಅದರಲ್ಲೇ ಇದ್ದವು. 2009ರ ಡಿಸೆಂಬರ್ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಈ ಕಾಯಿದೆಯಂತೆ ವರ್ಷಕ್ಕೆ 100 ದಿನದ ಖಾತರಿ. ಇದು ಆಳಿಗಲ್ಲ, ಕುಟುಂಬಕ್ಕೆ ಎಂಬುದನ್ನು ಅನೇಕರು ಮರೆಯುತ್ತಾರೆ. ಇಬ್ಬರೂ ಹೋದರೆ ತಲಾ 50 ದಿನಕ್ಕೆ ಮುಗಿಯಿತು. 2025-26ರಲ್ಲಿ ಕರ್ನಾಟಕಕ್ಕೆ ಗೊತ್ತುಪಡಿಸಿದ ಕೂಲಿ ದಿನಕ್ಕೆ 370 ರೂಪಾಯಿ, ಹೆಣ್ಣು ಗಂಡು ಇಬ್ಬರಿಗೂ ಒಂದೇ.

ಖಾತರಿ ಕೆಲಸ ಸಿಗದೇ ಹೋದರೆ ಊರಿನ ಗಳಿಕೆ 22,750. ನಲವತ್ತು ದಿನ ಸಿಕ್ಕರೆ 37,550. ನೂರೂ ದಿನ ಸಿಕ್ಕರೆ 59,750.

ಪಟ್ಟಣದ ಉಳಿಕೆ 59,000 ಆಗಿತ್ತು. ನೂರು ದಿನ ಪೂರ್ತಿ ಸಿಕ್ಕರೆ ತಕ್ಕಡಿ ಕೂದಲೆಳೆಯಷ್ಟು ಊರಿನ ಕಡೆ ವಾಲುತ್ತದೆ. ನಲವತ್ತೇ ದಿನವಾದರೆ ಇಪ್ಪತ್ತೊಂದು ಸಾವಿರಕ್ಕೂ ಮೇಲ್ಪಟ್ಟು ಪಟ್ಟಣದ ಕಡೆ ವಾಲುತ್ತದೆ. ಇದನ್ನೇ ತಿರುಗಿಸಿ ಕೇಳಬಹುದು: ಪಟ್ಟಣದಲ್ಲಿ ಕನಿಷ್ಠ ಎಷ್ಟು ದಿನ ಕೆಲಸ ಸಿಕ್ಕರೆ ಹೋಗುವುದು ಲಾಭ? ಊರಿನ ಗಳಿಕೆಗೆ 49,000 ಕೂಡಿಸಿ 1,200ರಿಂದ ಭಾಗಿಸಿದರೆ ಉತ್ತರ ಬರುತ್ತದೆ. ಖಾತರಿ ಇಲ್ಲದಿದ್ದರೆ 60 ದಿನ, ನಲವತ್ತು ದಿನದ ಖಾತರಿಯಿದ್ದರೆ 73 ದಿನ, ನೂರು ದಿನವಿದ್ದರೆ 91 ದಿನ. ವಿಸ್ತರಣಾ ಕಾರ್ಯಕರ್ತರು ಈ ಒಂದು ಅಂಕಿಯನ್ನು ಪ್ರತಿ ಕುಟುಂಬಕ್ಕೂ ಹೊಂದಿಸಿ ಹೇಳಬಲ್ಲರಾದರೆ ಅರ್ಧ ಕೆಲಸ ಆದಂತೆ.

ದಿನಗಳಷ್ಟೇ ಸಾಲದು, ಹಣ ಯಾವಾಗ ಕೈಗೆ ಬರುತ್ತದೆ ಎಂಬುದೂ ಲೆಕ್ಕದೊಳಗಿನ ಅಂಕಿಯೇ. ಕೂಲಿ 15 ದಿನದೊಳಗೆ ಬರಬೇಕೆಂದು ಕಾಯಿದೆ ಹೇಳುತ್ತದೆ. ಎರಡು ತಿಂಗಳು ತಡವಾದರೆ ಆ ಎರಡು ತಿಂಗಳು ಕುಟುಂಬ ಸಾಲ ಮಾಡಿ ಉಣ್ಣಬೇಕು. 37,000 ರೂಪಾಯಿಗೆ ನೂರಕ್ಕೆ ಮೂರರಂತೆ ಎರಡು ತಿಂಗಳ ಬಡ್ಡಿ 2,220. ಊರಿನ ಗಳಿಕೆ 57,530ಕ್ಕೆ ಇಳಿಯಿತು, ತಕ್ಕಡಿ ಮತ್ತೆ ಪಟ್ಟಣದ ಕಡೆಗೆ! ತಡವಾದ ಕೂಲಿಗೆ ಹದಿನಾರನೆಯ ದಿನದಿಂದ ದಿನಕ್ಕೆ ಶೇಕಡಾ 0.05ರಂತೆ ಪರಿಹಾರವಿದೆ, ಎಂದರೆ ನೂರು ರೂಪಾಯಿಗೆ ದಿನಕ್ಕೆ ಐದು ಪೈಸೆ. ಸಾಹುಕಾರನ ಬಡ್ಡಿ ದಿನಕ್ಕೆ ಹತ್ತು ಪೈಸೆ. ಪರಿಹಾರ ತಪ್ಪದೆ ಬಂದರೂ ನಷ್ಟದ ಅರ್ಧ ತುಂಬುತ್ತದೆ, ಅಷ್ಟೆ.

ಸರಾಸರಿಯ ಮೋಸ

'ಸ' 0.6 ಎಂದು ಬರೆದೆವು. ಅದು ಸರಾಸರಿ. ಅದೃಷ್ಟವಿದ್ದವನಿಗೆ 0.9 ಆಗಬಹುದು, ಇಲ್ಲದವನಿಗೆ 0.3. ಮೊದಲನೆಯವನ ಉಳಿಕೆ 1,13,000, ಎರಡನೆಯವನದು 5,000. ಇಬ್ಬರ ಸರಾಸರಿ ಅದೇ 59,000. ಆದರೆ ಯುಗಾದಿಗೆ ಸಾಲದ ಕಂತು ಕಟ್ಟಬೇಕಾದವನಿಗೆ ಸರಾಸರಿಯಿಂದ ಏನೂ ಪ್ರಯೋಜನವಿಲ್ಲ. ಮೊಣಕಾಲುದ್ದದ ಸರಾಸರಿ ಆಳವಿರುವ ಹೊಳೆಯಲ್ಲೂ ಮಡುವಿರುತ್ತದೆ ಎಂಬುದು ಭೀಮೆಯ ದಂಡೆಯವರಿಗೆ ಹೇಳಬೇಕಾದ ಮಾತಲ್ಲ.

2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ಬೀಗ ಬಿದ್ದಾಗ 'ಸ' ಒಂದೇ ಏಟಿಗೆ ಸೊನ್ನೆಯಾಯಿತು. ಶೆಡ್ಡಿನ ಬಾಡಿಗೆ, ಊಟದ ಖರ್ಚು ಮಾತ್ರ ನಿಲ್ಲಲಿಲ್ಲ. ಮರಳಿ ಬರುವ ದಾರಿಯೂ ಮುಚ್ಚಿತ್ತು. ಶ್ರಮಿಕರ ವಿಶೇಷ ರೈಲುಗಳು ಆರಂಭವಾದದ್ದು ಮೇ 1ಕ್ಕೆ. ಹಾಗಾಗಿ ಲೆಕ್ಕ ಹಾಕುವಾಗ ಸರಾಸರಿಯ ಪಕ್ಕದಲ್ಲಿ 'ತೀರಾ ಕೆಟ್ಟರೆ ಎಷ್ಟು' ಎಂಬ ಇನ್ನೊಂದು ಸಾಲು ಇರಬೇಕು.

ಈ ಅನಿಶ್ಚಿತತೆಗೆ ಕುಟುಂಬಗಳು ಕಂಡುಕೊಂಡ ಉಪಾಯ ಒಂದಿದೆ: ಒಬ್ಬರು ಹೋಗುವುದು, ಒಬ್ಬರು ಉಳಿಯುವುದು. ಮಳೆಯಾಶ್ರಿತ ಹೊಲದಲ್ಲಿ ತೊಗರಿಯೊಡನೆ ಹೆಸರನ್ನು ಅಕ್ಕಡಿ ಹಾಕಿದಂತೆ. ಗಂಡ ಒಬ್ಬನೇ ಹೋದರೆ 90 ದಿನಕ್ಕೆ 63,000. ಒಬ್ಬನ ಖರ್ಚು ದಿನಕ್ಕೆ 140ರಂತೆ 21,000, ಪ್ರಯಾಣ 2,000, ಬಡ್ಡಿ 750 ಕಳೆದರೆ 39,250. ಊರಲ್ಲಿ ಹೆಂಡತಿಗೆ 35 ದಿನದ ಕೂಲಿ 8,750, ನಲವತ್ತು ದಿನದ ಖಾತರಿ ಕೆಲಸ 14,800. ಒಟ್ಟು 62,800. ಇಬ್ಬರೂ ಹೋಗುವುದಕ್ಕಿಂತ ಇದು ಮೇಲು; ದನ, ಮನೆ, ಮಕ್ಕಳ ಶಾಲೆಯೂ ಉಳಿಯಿತು. ನೂರು ದಿನ ಸಿಕ್ಕರೆ ಮೊತ್ತ 85,000 ಆಗುತ್ತದೆ, ಆದರೆ ಆಗ ಆಕೆ 150ರಲ್ಲಿ 135 ದಿನ ಬಿಸಿಲಲ್ಲಿ ದುಡಿದು, ಬೆಳಿಗ್ಗೆ ಸಂಜೆ ದನ, ಮನೆ ನೋಡಬೇಕು. ಆ ದಣಿವನ್ನು ಯಾವ ಅಕ್ಷರದಲ್ಲಿ ಬರೆಯುವುದು ನನಗೆ ತಿಳಿದಿಲ್ಲ. ಇಬ್ಬರೂ ಹೋಗುವವರ ಮಕ್ಕಳ ಶಾಲೆಗೂ ನಮ್ಮ ಲೆಕ್ಕದಲ್ಲಿ ಬೆಲೆ ಕಟ್ಟಿಲ್ಲ. ಗುಳೆ ಹೋದವರ ಮಕ್ಕಳಿಗಾಗಿ ಋತುಮಾನದ ವಸತಿ ನಿಲಯಗಳ ವ್ಯವಸ್ಥೆ ಇರುವುದನ್ನು ಶಾಲೆಯ ಮುಖ್ಯೋಪಾಧ್ಯಾಯರಲ್ಲಿ ವಿಚಾರಿಸಬೇಕು.

ಹೊರಡುವ ಹಣ ಮತ್ತು ಮೇಸ್ತ್ರಿಯ ಮುಂಗಡ

ತೀರಾ ಬಡವರೇ ಹೆಚ್ಚು ಗುಳೆ ಹೋಗುತ್ತಾರೆಂದು ತಿಳಿಯುವುದು ಸಹಜ. ಆದರೆ ಬಸ್ಸಿನ ಹಣ, ಮೊದಲ ಹದಿನೈದು ದಿನದ ಊಟದ ಹಣ ಇಲ್ಲದವನು ಹೊರಡಲಾರ. ಬಾಂಗ್ಲಾದೇಶದ ರಂಗಪುರ ಭಾಗದಲ್ಲಿ 2008ರಲ್ಲಿ ನಡೆದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿದೆ. ಅಲ್ಲಿ ಭತ್ತದ ನಾಟಿಗೂ ಕೊಯ್ಲಿಗೂ ನಡುವೆ 'ಮೊಂಗಾ' ಎಂಬ ಹಸಿವಿನ ಕಾಲ ಬರುತ್ತದೆ. ನೂರು ಹಳ್ಳಿಗಳ ಸುಮಾರು 1,900 ಕುಟುಂಬಗಳನ್ನು ತೆಗೆದುಕೊಂಡು, ಕೆಲವರಿಗೆ ಬಸ್ಸಿನ ಖರ್ಚಿಗೆ ಸಾಕಾಗುವ 600 ಟಾಕಾ ಕೊಟ್ಟರು. ಅಷ್ಟಕ್ಕೇ ನೂರಕ್ಕೆ 22ರಷ್ಟು ಹೆಚ್ಚು ಕುಟುಂಬಗಳು ಒಬ್ಬರನ್ನು ಪಟ್ಟಣಕ್ಕೆ ಕಳಿಸಿದವು, ಮನೆಯಲ್ಲಿ ಊಟದ ಪ್ರಮಾಣ ಹೆಚ್ಚಿತು. ಮುಂದಿನ ವರ್ಷ ಹಣ ಕೊಡದಿದ್ದರೂ ಅವರಲ್ಲಿ ಅನೇಕರು ಮತ್ತೆ ಹೋದರು. ಎಂದರೆ, ತಡೆದಿದ್ದುದು ಹೊಸ್ತಿಲಿನ ಖರ್ಚು ಮತ್ತು ಹೋಗಿ ಕೆಟ್ಟರೆ ಏನು ಗತಿ ಎಂಬ ಭಯ.

ನಮ್ಮಲ್ಲಿ ಈ ಹೊಸ್ತಿಲನ್ನು ದಾಟಿಸುವವನು ಮೇಸ್ತ್ರಿ. ಅವನು 30,000 ಮುಂಗಡ ಕೊಡುತ್ತಾನೆ, 'ಬಡ್ಡಿ ಇಲ್ಲ' ಎನ್ನುತ್ತಾನೆ. ಆದರೆ ಜೋಡಿಗೆ ಕೂಲಿ 1,200ರ ಬದಲು 900. ಅವನ ಕಡೆ ಕೆಲಸ ಖಚಿತ, 120 ದಿನ ಸಿಗುತ್ತದೆನ್ನೋಣ. ಗಳಿಕೆ 1,08,000. ತಾವಾಗಿಯೇ ಹೋಗಿ 90 ದಿನ ದುಡಿದವರ ಗಳಿಕೆಯೂ ಅಷ್ಟೇ! ಮೂವತ್ತು ದಿನದ ದುಡಿತ ಹೆಚ್ಚಾಗಿ ಹೋಯಿತು. ದಿನಕ್ಕೆ 300ರಂತೆ 120 ದಿನಕ್ಕೆ 36,000 ರೂಪಾಯಿ ಬಡ್ಡಿಯ ಜಾಗದಲ್ಲಿ ಕುಳಿತಿದೆ. ಅದರಲ್ಲಿ ಒಂದು ಭಾಗ ಕೆಲಸದ ಖಾತ್ರಿಯ ಬೆಲೆ ಎಂದು ಒಪ್ಪಬಹುದು, ಪೂರ್ತಿಯಾಗಿ ಅಲ್ಲ. ಇದಲ್ಲದೆ ಮುಂಗಡ ತೀರುವವರೆಗೆ ಬಿಟ್ಟು ಬರುವಂತಿಲ್ಲವೆಂದು ಹಿಡಿದಿಟ್ಟರೆ ಅದು ಜೀತವೆಂದೇ 1976ರ ಜೀತ ಪದ್ಧತಿ ರದ್ದಿಯಾತಿ ಕಾಯಿದೆ ಎಣಿಸುತ್ತದೆ. ಹೊರಡುವ ಮುನ್ನ ಸ್ವಸಹಾಯ ಸಂಘದಿಂದ 10,000 ಸಾಲ ತೆಗೆದುಕೊಂಡು ಹೋಗುವವರು ಮೇಸ್ತ್ರಿಯ ಎದುರು ನಿಂತು ಕೂಲಿ ಕೇಳಬಲ್ಲರು. ಅಷ್ಟು ಸಣ್ಣ ಸಾಲಕ್ಕೆ ಇಷ್ಟು ದೊಡ್ಡ ಫಲ ಬೇರೆಲ್ಲಿಯೂ ನಾನು ಕಂಡಿಲ್ಲ.

ಒಬ್ಬರ ಹಿಂದೆ ಹತ್ತು ಮಂದಿ

ಒಂದು ಊರಿನವರು ಬೆಂಗಳೂರಿನ ಒಂದೇ ಬಡಾವಣೆಯಲ್ಲಿ, ಪಕ್ಕದ ಊರಿನವರು ಪುಣೆಯ ಒಂದೇ ಭಾಗದಲ್ಲಿ ಕೂಡಿರುವುದನ್ನು ಎಲ್ಲರೂ ನೋಡಿದ್ದೇವೆ. ಮೊದಲು ಹೋದವನಿಗೆ ಕೆಲಸ ಹುಡುಕಲು ಇಪ್ಪತ್ತು ದಿನ ಬೇಕು. ಅವನ ಬೀಗನಿಗೆ ಎರಡು ದಿನ ಸಾಕು. ಹೋದವರ ಸಂಖ್ಯೆ ಹೆಚ್ಚಿದಂತೆ ಹಿಂದೆ ಬರುವವರ 'ಖ' ಇಳಿಯುತ್ತದೆ, 'ಸ' ಏರುತ್ತದೆ. ಒಂದು ಮಿತಿ ದಾಟಿದ ಮೇಲೆ ಅರ್ಧ ಊರೇ ಹೊರಡುತ್ತದೆ.

ಆದರೆ ಇದಕ್ಕೆ ಎದುರಾಗಿ ಇನ್ನೊಂದು ಬಲ ಕೆಲಸ ಮಾಡುತ್ತದೆ. ಬೆಳಿಗ್ಗೆ ನಾಕಾದಲ್ಲಿ ನೂರು ಜನ ನಿಂತು ಅರವತ್ತು ಜನಕ್ಕೆ ಕೆಲಸ ಸಿಕ್ಕರೆ ಸ = 0.6. ಅದೇ ಅರವತ್ತು ಕೆಲಸಕ್ಕೆ ನೂರ ಇಪ್ಪತ್ತು ಜನ ನಿಂತರೆ 0.5. ನಮ್ಮ ಕುಟುಂಬದ ಉಳಿಕೆ 59,000ದಿಂದ 41,000ಕ್ಕೆ ಬಿತ್ತು. ಹ್ಯಾರಿಸ್, ಟೊಡಾರೊ ಹೇಳಿದ್ದೂ ಇದನ್ನೇ: ಊರನ್ನು ಮರೆತು ಪಟ್ಟಣದ ಕೂಲಿಯನ್ನಷ್ಟೇ ಏರಿಸಿದರೆ ನಾಕಾದ ಸಾಲು ಉದ್ದವಾಗುತ್ತದೆ.

ಎಲ್ಲ ವಲಸೆಯೂ ದೂರದ್ದಲ್ಲ. ಬಹುಪಾಲು ಜನ ಹತ್ತಿರದ ಸ್ಥಳಕ್ಕೇ ಹೋಗುತ್ತಾರೆಂದು ರೇವನ್‌ಸ್ಟೀನ್ 1885ರಲ್ಲೇ ಬರೆದಿದ್ದ. ನಮ್ಮ ಜಿಲ್ಲೆಯೇ ಅದಕ್ಕೆ ಸಾಕ್ಷಿ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಬರುವ ಸುರಪುರ, ಶಹಾಪುರದ ಹಳ್ಳಿಗಳಲ್ಲಿ ಭತ್ತದ ನಾಟಿಗೂ ಹತ್ತಿ ಬಿಡಿಸುವುದಕ್ಕೂ ಆಳು ಸಿಗದೆ ರೈತರು ಪರದಾಡುತ್ತಾರೆ. ಆ ಹೊತ್ತಿಗೆ ಯಾದಗಿರಿ, ಗುರುಮಠಕಲ್ ಕಡೆಯ ಒಣಭೂಮಿಯ ಆಳು ಐನೂರು ಕಿಲೋಮೀಟರ್ ದೂರದಲ್ಲಿ ಇಟ್ಟಿಗೆ ಹೊರುತ್ತಿರುತ್ತಾನೆ. ಟಂಟಂ ಬಾಡಿಗೆಯನ್ನು ರೈತರೇ ಭರಿಸಿ, ಎಷ್ಟು ದಿನದ ಕೆಲಸ, ಕಿಲೋಗೆ ಎಷ್ಟು ಕೂಲಿ ಎಂದು ಒಂದು ತಿಂಗಳ ಮುಂಚೆ ಫೋನಿನಲ್ಲಿ ಹೇಳುವಂತಾದರೆ ಇಬ್ಬರ ಲೆಕ್ಕವೂ ಬದಲಾಗುತ್ತದೆ. ಇಲ್ಲಿ ಕೂಲಿಗಿಂತ ಕೊರತೆ ಇರುವುದು ಮುಂಚಿನ ಸುದ್ದಿಯದು.

ಕಾಯಿದೆ ಯಾವ ಅಕ್ಷರವನ್ನು ಮುಟ್ಟುತ್ತದೆ?

ನಿಯಮಗಳನ್ನು ಓದುವಾಗ ಇದು 'ಕ'ವನ್ನು ಮುಟ್ಟುತ್ತದೆಯೋ, 'ಸ'ವನ್ನೋ, 'ಖ'ವನ್ನೋ ಎಂದು ಕೇಳಿಕೊಳ್ಳಬೇಕು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಐದು ಅಥವಾ ಹೆಚ್ಚು ಹೊರರಾಜ್ಯದ ಆಳುಗಳಿದ್ದ ಗುತ್ತಿಗೆದಾರನಿಗೆ ಅನ್ವಯಿಸುತ್ತಿತ್ತು. ಪ್ರಯಾಣ ಭತ್ಯೆಯಲ್ಲದೆ, ತಿಂಗಳ ಕೂಲಿಯ ಅರ್ಧ ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅಷ್ಟು ಸ್ಥಳಾಂತರ ಭತ್ಯೆ ಕೊಡಬೇಕಿತ್ತು. 'ಖ'ವನ್ನು ಕುಟುಂಬದ ತಲೆಯಿಂದ ಇಳಿಸಿ ಗುತ್ತಿಗೆದಾರನ ತಲೆಗೆ ಹೊರಿಸುವ ಉದ್ದೇಶ ಒಳ್ಳೆಯದೇ. ಆದರೆ ಗುತ್ತಿಗೆದಾರನಿಗೂ ಲೆಕ್ಕ ಬರುತ್ತದೆ. ನಾಲ್ಕೇ ಆಳು ಎಂದು ಬರೆದುಕೊಂಡರೆ ಆ ಖರ್ಚೇ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಈ ಮಿತಿ ಹತ್ತು ಆಳಿಗೆ ಏರಿದೆ. ಸ್ಥಳಾಂತರ ಭತ್ಯೆ ಇಲ್ಲ, ಪ್ರಯಾಣ ಭತ್ಯೆ ಇದೆ. ಗುತ್ತಿಗೆದಾರನಿಲ್ಲದೆ ತಾನಾಗಿಯೇ ಹೋದವನನ್ನೂ ವಲಸೆ ಕಾರ್ಮಿಕನೆಂದು ಎಣಿಸುವುದು ಅದರಲ್ಲಿನ ಒಳ್ಳೆಯ ಅಂಶ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಗುರುಮಠಕಲ್‌ನಿಂದ ಗಡಿಯಾಚೆಯ ನಾರಾಯಣಪೇಟೆಗೆ ಹೋದವನು ಅಂತರರಾಜ್ಯ ವಲಸೆಗಾರ. ಹುಣಸಗಿಯಿಂದ ಬೆಂಗಳೂರಿಗೆ ಹೋದವನು ಅಲ್ಲ, ಅವನು ರಾಜ್ಯದೊಳಗೇ ಇದ್ದಾನೆ. ದೂರ, ಖರ್ಚು, ಕಷ್ಟ ಎರಡನೆಯವನಿಗೇ ಹೆಚ್ಚು. ಗಡಿಯ ಗೆರೆಯನ್ನು ನೋಡುವ ನಿಯಮ ಕಿಲೋಮೀಟರನ್ನು ನೋಡುವುದಿಲ್ಲ.

ಪಡಿತರದ ವಿಷಯ ಸರಳ. 2020ರ ಜನವರಿಯಿಂದ ಕರ್ನಾಟಕವೂ ಸೇರಿರುವ 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿ ಊರಿನ ಚೀಟಿಗೆ ಪುಣೆಯಲ್ಲೂ ಆಹಾರ ಭದ್ರತಾ ಕಾಯಿದೆಯ ಧಾನ್ಯ ಪಡೆಯಬಹುದು. ಮನೆಯವರಲ್ಲಿ ಕೆಲವರು ಊರಲ್ಲಿ, ಕೆಲವರು ಅಲ್ಲಿ ತಮ್ಮ ಪಾಲು ತೆಗೆದುಕೊಳ್ಳಲೂ ಬರುತ್ತದೆ. ಇದು ನೇರವಾಗಿ 'ಖ'ವನ್ನು ಇಳಿಸುತ್ತದೆ. ಹೊರಡುವ ಮೊದಲು ಆಧಾರ್ ಜೋಡಣೆ ಸರಿಯಿದೆಯೇ ಎಂದು ನ್ಯಾಯಬೆಲೆ ಅಂಗಡಿಯಲ್ಲಿ ನೋಡಿಕೊಳ್ಳಬೇಕು.

ಕಟ್ಟಡ ಕಾರ್ಮಿಕರ ನೋಂದಣಿ ಬೇರೆ ಬಗೆಯದು. 18ರಿಂದ 60 ವರ್ಷದೊಳಗಿನವರು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ನಮ್ಮ ಉದಾಹರಣೆಯ ಕುಟುಂಬ ಸರಿಯಾಗಿ 90 ದಿನ ದುಡಿದಿದೆ. ಒಂದು ದಿನ ಕಡಿಮೆಯಾದರೆ ಏನೂ ಇಲ್ಲ, ಮುಟ್ಟಿದರೆ ಮಕ್ಕಳ ವಿದ್ಯಾಭ್ಯಾಸ, ಹೆರಿಗೆ, ಅಪಘಾತದ ನೆರವಿಗೆ ಅರ್ಹತೆ. ಇಂತಹ ಮೆಟ್ಟಿಲಿನ ನಿಯಮದಲ್ಲಿ ಕೊನೆಯ ಒಂದು ದಿನದ ಬೆಲೆ ಆ ದಿನದ ಕೂಲಿಗಿಂತ ಎಷ್ಟೋ ಪಟ್ಟು ಹೆಚ್ಚು. ನಾಲ್ಕು ಕಡೆ ಕೆಲಸ ಮಾಡಿದವರು ನಾಲ್ಕು ಕಡೆಯೂ ದಿನಗಳ ದೃಢೀಕರಣವನ್ನು ಆಯಾ ಕೆಲಸ ಮುಗಿದಾಗಲೇ ಬರೆಸಿಕೊಳ್ಳಬೇಕು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲೇ ಕೊನೆಯದು. ಇಂತಹ ಕಡೆ ಕಾಗದ ತುಂಬಿಸುವುದೂ ಒಂದು ಖರ್ಚು ಎಂದು ಅಧಿಕಾರಿಗಳು ತಿಳಿಯಬೇಕು.

ಹೊಲದ ಬಾಬತ್ತು

ಬಾಯಿಲೆಕ್ಕದಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಅಂಕಿ ಇದು. ಕಟ್ಟಡದ ಜಾಗದಲ್ಲಿ ಬಾಕಿ ಕೂಲಿ ಸ್ಲ್ಯಾಬ್ ಮುಗಿದ ಮೇಲೆ ಎಂದು ತಡೆಹಿಡಿಯುವುದು ಉಂಟು. ಜೂನ್‌ನಲ್ಲಿ ಮಳೆ ಬೀಳುತ್ತದೆ, ಕುಟುಂಬ ಅಲ್ಲೇ ಸಿಕ್ಕಿಬಿದ್ದಿರುತ್ತದೆ. ಹೆಸರಿನ ಬಿತ್ತನೆಯ ಹದ ಅಷ್ಟರಲ್ಲಿ ಹೋಗುತ್ತದೆ. ತೊಗರಿ ತಡವಾಗಿ ಬೀಳುತ್ತದೆ, ಗಿಡ ಬೆಳೆಯುವ ಮೊದಲೇ ಹೂವಾಡುವ ಕಾಲ ಬರುತ್ತದೆ, ಕಾಯಿ ತುಂಬುವಾಗ ನೆಲದಲ್ಲಿ ತೇವ ಇರುವುದಿಲ್ಲ. ಮೂರು ಎಕರೆಯಲ್ಲಿ ಎಕರೆಗೆ ಒಂದೇ ಕ್ವಿಂಟಲ್ ಇಳುವರಿ ಕಡಿಮೆಯಾಯಿತೆನ್ನೋಣ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿಯಂತೆ 24,000 ನಷ್ಟ. 59,000ದಿಂದ ಕಳೆದರೆ ಉಳಿದದ್ದು 35,000. ಖಾತರಿಯಲ್ಲಿ ನಲವತ್ತೇ ದಿನ ದುಡಿದು ಊರಲ್ಲಿ ಉಳಿದವನ 37,550ಕ್ಕಿಂತಲೂ ಕಡಿಮೆ! ಹೋಗುವ ದಿನಕ್ಕಿಂತ ಬರುವ ದಿನವನ್ನು ಬಿಗಿಯಾಗಿ ಗೊತ್ತುಮಾಡಿಕೊಳ್ಳಬೇಕು ಎನ್ನುವುದು ಇದಕ್ಕೇ. ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ, ಎಂದರೆ ಮೇ ಕೊನೆಯ ವಾರ, ಊರಲ್ಲಿರಬೇಕು. ಬಾಕಿಯನ್ನು ವಾರವಾರ ಕೇಳಿ ತೆಗೆದುಕೊಳ್ಳುವವರಿಗೆ ಇದು ಸಾಧ್ಯ.

ಇನ್ನು 2025ರ ಡಿಸೆಂಬರ್‌ನಲ್ಲಿ 2005ರ ಕಾಯಿದೆಯ ಜಾಗಕ್ಕೆ ಸಂಸತ್ತು ಅಂಗೀಕರಿಸಿದ ಹೊಸ ಉದ್ಯೋಗ ಖಾತರಿ ಕಾಯಿದೆಯ ಮಾತು. ಅದರಲ್ಲಿ ದಿನಗಳು 125. ಹಿಂದಿನ ದರದಲ್ಲೇ ಗುಣಿಸಿದರೂ 46,250. ಊರಿನ ಗಳಿಕೆ 69,000 ಆಗುತ್ತದೆ, ಪಟ್ಟಣವನ್ನು ಹತ್ತು ಸಾವಿರ ಮೀರುತ್ತದೆ, ದಿನಗಳು ನಿಜವಾಗಿ ಸಿಕ್ಕಿದರೆ ಮತ್ತು ಗುಳೆಯ ಅವಧಿಯಲ್ಲೇ ಸಿಕ್ಕಿದರೆ. ಆದರೆ ಬಿತ್ತನೆ, ಕೊಯ್ಲಿನ ಹಂಗಾಮಿನಲ್ಲಿ ರೈತರಿಗೆ ಆಳು ಸಿಗಲೆಂದು ವರ್ಷದಲ್ಲಿ ಒಟ್ಟು 60 ದಿನ ಈ ಕೆಲಸ ನಿಲ್ಲಿಸುವ ನಿಯಮವೂ ಅದರಲ್ಲಿದೆ. ಆ ಅರವತ್ತು ದಿನ ಯಾವುವು ಎಂಬುದು ನಮ್ಮ ಭಾಗಕ್ಕೆ ಬಹು ದೊಡ್ಡ ಪ್ರಶ್ನೆ. ಯಾದಗಿರಿಯ ಒಣಭೂಮಿಯಲ್ಲಿ ತೊಗರಿ ರಾಶಿ ಮುಗಿದು ಆಳು ಕೈಕಟ್ಟಿ ಕೂಡುವ ಕಾಲಕ್ಕೆ ಶಹಾಪುರ, ಸುರಪುರದ ಕಾಲುವೆಯ ಹೊಲದಲ್ಲಿ ಹತ್ತಿ, ಮೆಣಸಿನಕಾಯಿ ಬಿಡಿಸುವ ಕೆಲಸ ಇನ್ನೂ ನಡೆದಿರುತ್ತದೆ. ಜಿಲ್ಲೆಗೆಲ್ಲ ಒಂದೇ ಪಂಚಾಂಗ ಮಾಡಿ ಜನವರಿ, ಫೆಬ್ರುವರಿಯಲ್ಲಿ ಕೆಲಸ ನಿಲ್ಲಿಸಿದರೆ ಒಣಭೂಮಿಯವನ ಕೈಗೆ ನಾವೇ ರೈಲಿನ ಚೀಟಿ ಕೊಟ್ಟಂತೆ. ಕೃಷಿ ಹವಾಗುಣ ವಲಯ, ಸ್ಥಳೀಯ ಬೆಳೆಪದ್ಧತಿ ನೋಡಿ ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯತಿಗೊಂದರಂತೆ ಬೇರೆ ಬೇರೆ ಅಧಿಸೂಚನೆ ಹೊರಡಿಸಲು ಕಾಯಿದೆಯಲ್ಲೇ ಅವಕಾಶವಿದೆ. ಯಾವ ಹಳ್ಳಿಯಲ್ಲಿ ಯಾವ ವಾರ ಬಿತ್ತುತ್ತಾರೆ, ಯಾವ ವಾರ ಕೊಯ್ಯುತ್ತಾರೆ ಎಂಬುದನ್ನು ರೈತ ಸಂಪರ್ಕ ಕೇಂದ್ರದವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆ ಪಟ್ಟಿಯನ್ನು ಅವರು ಪಂಚಾಯತಿವಾರು ಬರೆದು ತಾಲ್ಲೂಕು ಪಂಚಾಯತಿಗೆ ಮುಟ್ಟಿಸಬೇಕು, ಕೇಳುವವರೆಗೆ ಕಾಯಬಾರದು.

ರೈತ ಬಾಂಧವರು ಕೆಲಸದ ಬೇಡಿಕೆಯನ್ನು ಬಾಯಲ್ಲಿ ಹೇಳದೆ ಬರೆದುಕೊಟ್ಟು, ದಿನಾಂಕ ಹಾಕಿದ ಸ್ವೀಕೃತಿ ಪಡೆಯಬೇಕು. ಬೇಡಿಕೆ ಕೊಟ್ಟ 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆಗೆ ಆಧಾರವಾಗುವುದು ಆ ಚೀಟಿಯೇ. 2005ರ ಕಾಯಿದೆಯ ಪದ್ಧತಿಯಲ್ಲಿ ಮುಂದಿನ ವರ್ಷದ ಕೆಲಸದ ಅಂದಾಜಿಗೆ ಅಕ್ಟೋಬರ್ 2ರ ಗ್ರಾಮಸಭೆಯಲ್ಲಿ ಆರಂಭ. ಸಂಕ್ರಾಂತಿಗೆ ಗಂಟು ಕಟ್ಟುವುದೋ ಬೇಡವೋ ಎಂಬುದು ಬಹುಮಟ್ಟಿಗೆ ಆ ದಿನದ ಕಾಗದದಲ್ಲಿ ಏನು ಬರೆದಿದೆ ಎಂಬುದರ ಮೇಲೆ ನಿಂತಿರುತ್ತದೆ. ಸಭೆಗೆ ಹೋಗುವಾಗ ಮೇಲಿನ ಲೆಕ್ಕವನ್ನು ತಮ್ಮ ಊರಿನ ಅಂಕಿಗಳೊಡನೆ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿರಿ. ನಾನು ನಾಟಿ ತೊಗರಿಗೆ ಮತ್ತೆ ಹೋದಾಗ ಹಾಗೆಯೇ ಮಾಡಿದೆ: ಊರಲ್ಲಿ ಉಳಿಯುವ ಹೆಂಗಸರ ಹೆಸರನ್ನು ಮೊದಲು ಬರೆದುಕೊಂಡು, ಚೀಲ ತುಂಬುವ ಕೆಲಸಕ್ಕೆ ಅವರ ಕೂಲಿಯನ್ನು ಹಿಡಿದು, ಆಮೇಲೆ ರೈತರನ್ನು ಆರಿಸಿದೆ. ಆ ವರ್ಷ ಮೇ ತಿಂಗಳಲ್ಲಿ ಐದು ಮನೆಯ ಅಂಗಳದಲ್ಲಿ ಸಸಿ ಎದ್ದಿತ್ತು. ಆರನೆಯ ಮನೆಯವರು ಪುಣೆಗೆ ಹೋಗಿದ್ದರು. ಅವರ ಪಾಲಿನ ಚೀಲಗಳಿಗೆ ಪಕ್ಕದ ಮನೆಯ ಅಜ್ಜಿ ನೀರು ಹಾಕುತ್ತಿದ್ದಳು.